ಪಬ್ಲಿಕ್ ಕೋರ್ಸ್‌ನ ಗಾಲ್ಫ್: ಸಿಕ್ಕ ನೆಲ, ಸಿಕ್ಕ ಜೊತೆ

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ. ನಾನು ವೃತ್ತಿ ಆಟಗಾರನಲ್ಲ, ಕೋಚ್ ಕೂಡ ಅಲ್ಲ. ಬಿಡುವು ಸಿಕ್ಕಾಗ ಬ್ಯಾಗ್ ಹೆಗಲಿಗೇರಿಸಿ ಹೊರಡುವ ಹವ್ಯಾಸಿ. ನಾನು ಆಡಿರುವುದು ಹೆಚ್ಚಾಗಿ ಪಬ್ಲಿಕ್ ಕೋರ್ಸ್‌ಗಳಲ್ಲಿ, ಅಂದರೆ ಎಲ್ಲರಿಗೂ ತೆರೆದ ಗಾಲ್ಫ್ ಮೈದಾನಗಳಲ್ಲಿ. ಅಲ್ಲಿ ಸದಸ್ಯತ್ವ ಬೇಡ. ಸಮಯ ಕಾದಿರಿಸಿ ಶುಲ್ಕ ಕಟ್ಟಿದರೆ ಯಾರು ಬೇಕಾದರೂ ಆಡಬಹುದು. ಮಿಕ್ಕ ಆಟವೆಲ್ಲ ಹಳ್ಳಿಗಾಡಿನ ಸಣ್ಣ ಕೋರ್ಸ್‌ಗಳಲ್ಲಿ. ಹೊಲಗಳ ನಡುವೆ, ಗುಡ್ಡದ ಬದಿಗೆ, ಊರಿನವರೇ ಸೇರಿ ನಡೆಸಿಕೊಂಡು ಬಂದಂಥವು.

ಇವತ್ತು ಈ ಕೋರ್ಸ್‌ಗಳ ಪರವಾಗಿ ಮಾತಾಡಲು ಬಂದಿದ್ದೇನೆ. ಯಾಕೆಂದರೆ ಬಹಳ ಜನ ಇವುಗಳನ್ನು ಎರಡನೇ ದರ್ಜೆಯ ಜಾಗಗಳು ಅನ್ನುವ ಹಾಗೆ ನೋಡುತ್ತಾರೆ. ಕಲಿಯಲು ಸಾಕು, ಆಮೇಲೆ ಒಳ್ಳೆಯ ಕ್ಲಬ್ ಸೇರಿಕೊಳ್ಳಬೇಕು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸಿಕ್ಕ ನೆಲದ ಮೇಲೆ, ಸಿಕ್ಕ ಜೊತೆಗಾರರ ಸಂಗಡ ಆಡುವುದೇ ಗಾಲ್ಫ್‌ನ ಮೂಲ ರೂಪ. ಅದು ಇವತ್ತಿಗೂ ಉಳಿದಿರುವುದು ಇಂಥ ಜಾಗಗಳಲ್ಲೇ.

ಗಾಲ್ಫ್ ಆಡದವರೂ ಇಲ್ಲಿ ಕೂತಿದ್ದೀರಿ. ನಿಮಗಾಗಿ ಎರಡು ಮಾತು. ಟೀ ಅನ್ನುವ ಜಾಗದಿಂದ ಚೆಂಡು ಹೊಡೆಯಬೇಕು. ನಡುವೆ ಕತ್ತರಿಸಿದ ಹುಲ್ಲಿನ ಹಾದಿ, ಅದು ಫೇರ್‌ವೇ. ಅಕ್ಕಪಕ್ಕ ಉದ್ದ ಹುಲ್ಲು, ಅದು ರಫ್. ಕೊನೆಯಲ್ಲಿ ತುಂಬ ಸಣ್ಣಗೆ ಕತ್ತರಿಸಿದ ಹುಲ್ಲಿನ ಗ್ರೀನ್, ಅದರಲ್ಲೊಂದು ಕುಳಿ. ಕುಳಿಯ ಅಗಲ 108 ಮಿಲಿಮೀಟರ್. 1891ರಿಂದ ಅದೇ ಅಳತೆ. ಅತಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಅದರೊಳಗೆ ಹಾಕಬೇಕು. ಇಂಥ 18 ಹೋಲ್ ಮುಗಿಸಿದರೆ ಒಂದು ರೌಂಡ್. ಆಟ ಇಷ್ಟೇ.

ಈ ಆಟ ಶುರುವಾಗಿದ್ದೇ ಸಾರ್ವಜನಿಕ ನೆಲದಲ್ಲಿ. ಸ್ಕಾಟ್ಲೆಂಡಿನ ಲೀತ್ ಅನ್ನುವ ಊರಿನ ಬಯಲಿನಲ್ಲಿ ಆಡುತ್ತಿದ್ದವರು 1744ರಲ್ಲಿ ಮೊದಲ ಬಾರಿಗೆ ನಿಯಮಗಳನ್ನು ಬರೆದಿಟ್ಟರು. ಒಟ್ಟು 13 ನಿಯಮ. ಆ ಬಯಲಿನಲ್ಲಿದ್ದದ್ದು ಐದೇ ಹೋಲ್. ಅಲ್ಲಿ ಬೇರೆ ಜನರೂ ಓಡಾಡುತ್ತಿದ್ದರು. ಹಾಗಾಗಿ ಚೆಂಡಿಗೆ ಮನುಷ್ಯರು, ಕುದುರೆ, ನಾಯಿ ಅಡ್ಡ ಬಂದರೆ ಏನು ಮಾಡಬೇಕು ಅನ್ನುವುದೂ ಆ ನಿಯಮಗಳಲ್ಲಿದೆ. ಖಾಸಗಿ ಬೇಲಿಯೊಳಗೆ ಆಡುವವರಿಗೆ ಅಂಥ ನಿಯಮ ಯಾಕೆ ಬೇಕಿತ್ತು ಹೇಳಿ?

ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಹೆಸರನ್ನು ನೀವು ಕೇಳಿರಬಹುದು. ಗಾಲ್ಫ್ ಆಡುವ ಎಲ್ಲರೂ ಒಮ್ಮೆ ನೋಡಬೇಕು ಅಂದುಕೊಳ್ಳುವ ಜಾಗ. 18 ಹೋಲ್ ಅನ್ನುವ ಲೆಕ್ಕ ಬಂದದ್ದೂ ಅಲ್ಲಿಂದಲೇ. 1764ರಲ್ಲಿ ಅವರು 22 ಹೋಲ್‌ಗಳ ರೌಂಡನ್ನು 18ಕ್ಕೆ ಇಳಿಸಿದರು. ಆದರೆ ಅದೊಂದು ಪಬ್ಲಿಕ್ ಕೋರ್ಸ್ ಅಂತ ಎಷ್ಟು ಜನರಿಗೆ ಗೊತ್ತು? ಅಲ್ಲಿ ಆಡಲು ಯಾವ ಕ್ಲಬ್‌ನ ಸದಸ್ಯರೂ ಆಗಬೇಕಿಲ್ಲ. ಹೆಸರು ಕೊಟ್ಟು ಲಾಟರಿಯಲ್ಲಿ ಆಯ್ಕೆಯಾದವರು ಆಡಬಹುದು. ಸಾಮಾನ್ಯವಾಗಿ ಭಾನುವಾರ ಅಲ್ಲಿ ಗಾಲ್ಫ್ ಇರುವುದಿಲ್ಲ. ಅವತ್ತು ಊರಿನವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಅದೇ ಫೇರ್‌ವೇ ಮೇಲೆ ನಡೆದಾಡುತ್ತಾರೆ. ಜಗತ್ತಿನ ಅತ್ಯಂತ ಹೆಸರಾದ ಗಾಲ್ಫ್ ನೆಲ ವಾರಕ್ಕೊಮ್ಮೆ ಊರಿನ ಪಾರ್ಕ್ ಆಗುತ್ತದೆ. ನನಗೆ ಇದು ತುಂಬಾ ಇಷ್ಟದ ಸಂಗತಿ.

ಈಗ ನನ್ನ ಅನುಭವಕ್ಕೆ ಬರುತ್ತೇನೆ.

ಪಬ್ಲಿಕ್ ಕೋರ್ಸ್‌ಗೆ ಒಬ್ಬರೇ ಹೋದರೆ ಸಾಮಾನ್ಯವಾಗಿ ಒಬ್ಬರೇ ಆಡಲು ಬಿಡುವುದಿಲ್ಲ. ಮೊದಲ ಟೀ ಹತ್ತಿರ ಸ್ಟಾರ್ಟರ್ ಅಂತ ಒಬ್ಬರು ಇರುತ್ತಾರೆ. ಅವರ ಕೈಯಲ್ಲಿ ಪಟ್ಟಿ ಇರುತ್ತದೆ. ಎಲ್ಲಿ ಜಾಗ ಖಾಲಿ ಇದೆಯೋ ಆ ಗುಂಪಿಗೆ ನಿಮ್ಮನ್ನು ಸೇರಿಸುತ್ತಾರೆ. ನೀವು ಯಾರು, ಅವರು ಯಾರು, ಎಂಥ ಆಟಗಾರರು, ಒಂದೂ ಗೊತ್ತಿರುವುದಿಲ್ಲ. ಕೈಕುಲುಕಿ ಹೆಸರು ಹೇಳಿ ಆಡಲು ಶುರು ಮಾಡಬೇಕು. ಮುಂದಿನ ನಾಲ್ಕು ಗಂಟೆ ಅವರೇ ನಿಮ್ಮ ಜೊತೆ.

ಈ ಒಂದು ಪದ್ಧತಿಯಿಂದ ನನಗೆ ಸಿಕ್ಕ ಒಡನಾಟ ಬೇರೆಲ್ಲೂ ಸಿಕ್ಕಿಲ್ಲ. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ನರ್ಸ್ ಜೊತೆ ಆಡಿದ್ದೇನೆ. ನಿದ್ದೆ ಬಿಟ್ಟು ಯಾಕೆ ಬಂದಿರಿ ಅಂತ ಕೇಳಿದೆ. ಇಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ, ಅದಕ್ಕೆ ಅಂದರು. ಮಗಳಿಗೆ ಆಟ ಕಲಿಸುತ್ತಿದ್ದ ಒಬ್ಬ ಲಾರಿ ಡ್ರೈವರ್ ಸಿಕ್ಕಿದ್ದರು. ಮಗಳು ಪ್ರತಿ ಹೊಡೆತಕ್ಕೂ ಮೊದಲು ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಬೇಕಂತಲೇ ಬೇರೆ ಕಡೆ ನೋಡುತ್ತಿದ್ದರು. ಆರನೇ ಹೋಲ್ ಹೊತ್ತಿಗೆ ಅವಳು ನೋಡುವುದನ್ನೇ ಬಿಟ್ಟಳು, ಚೆನ್ನಾಗಿ ಹೊಡೆಯತೊಡಗಿದಳು. ಕಲಿಸುವುದು ಹೀಗೂ ಇರುತ್ತದಲ್ಲ ಅನ್ನಿಸಿತು.

ಒಬ್ಬ ಹಿರಿಯರನ್ನು ಮಾತ್ರ ಮರೆಯಲಾರೆ. ಎಂಬತ್ತರ ಆಸುಪಾಸು ಇರಬೇಕು. ಸಣ್ಣ ಬ್ಯಾಗ್, ಅದರಲ್ಲಿ ಕ್ಲಬ್‌ಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ಅರ್ಧ ಸೆಟ್ ಮಾತ್ರ. ಯಾವ ಹೊಡೆತವೂ ದೂರ ಹೋಗುತ್ತಿರಲಿಲ್ಲ. ಆದರೆ ಯಾವುದೂ ದಾರಿ ತಪ್ಪುತ್ತಿರಲಿಲ್ಲ. ಚೆಂಡನ್ನು ಗಾಳಿಯಲ್ಲಿ ಎತ್ತರಕ್ಕೆ ಕಳಿಸುವ ಗೋಜಿಗೇ ಅವರು ಹೋಗಲಿಲ್ಲ. ನೆಲದ ಇಳಿಜಾರು ನೋಡಿ, ಅದರ ಮೇಲೆ ಚೆಂಡನ್ನು ಓಡಿಸುತ್ತಿದ್ದರು. ಗ್ರೀನ್‌ಗೆ ಇನ್ನೂ ಮೂವತ್ತು ಗಜ ಇರುವಾಗ ಪಟ್ಟರ್, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸಲು (ಪಟ್ ಮಾಡಲು) ಬಳಸುವ ಕ್ಲಬ್, ಎತ್ತಿಕೊಂಡಿದ್ದನ್ನು ನೋಡಿ ನಾವು ಮೂವರೂ ಬೆರಗಾದೆವು. ಚೆಂಡು ಹುಲ್ಲಿನ ಮೇಲೆ ಕುಣಿದುಕೊಂಡು ಹೋಗಿ ಕುಳಿಯ ಪಕ್ಕ ನಿಂತಿತು. ಈ ನೆಲ ನನಗೆ ಗೊತ್ತು, ಅಂದರು ಅಷ್ಟೇ.

ಆ ನೆಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಟಿವಿಯಲ್ಲಿ ಕಾಣುವ ಕೋರ್ಸ್‌ಗಳಲ್ಲಿ ಹುಲ್ಲು ಒಂದೇ ಸಮ ಇರುತ್ತದೆ. ಅಲ್ಲಿ ನೀರಿಗೆ ಕೊರತೆಯಿಲ್ಲ, ಕೆಲಸಗಾರರೂ ಬೇಕಾದಷ್ಟು. ಪಬ್ಲಿಕ್ ಕೋರ್ಸ್‌ನಲ್ಲಿ ಬಹಳ ಸಲ ಗ್ರೀನ್ ಮತ್ತು ಟೀಗೆ ಮಾತ್ರ ನೀರು ಸಿಗುತ್ತದೆ. ಫೇರ್‌ವೇಗೆ ಮಳೆಯೇ ಗತಿ. ಬೇಸಿಗೆಯಲ್ಲಿ ನೆಲ ಗಟ್ಟಿಯಾಗುತ್ತದೆ. ಕೆಲವು ಕಡೆ ಹುಲ್ಲೇ ಇರುವುದಿಲ್ಲ, ಬರೀ ಮಣ್ಣು. ಚೆಂಡು ಅಲ್ಲಿ ನಿಂತರೆ ಹಲವರು ಗೊಣಗುತ್ತಾರೆ.

ಗೊಣಗುವ ಬದಲು ಹೊಡೆತ ಬದಲಿಸಬೇಕು. ಮೆತ್ತನೆ ಹುಲ್ಲಿನಲ್ಲಿ ಸ್ಯಾಂಡ್ ವೆಜ್, ಅಂದರೆ ಮರಳಿನಿಂದ ಚೆಂಡು ಎತ್ತುವ ಕ್ಲಬ್, ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ತಳ ದಪ್ಪ, ಸ್ವಲ್ಪ ಉಬ್ಬಿಕೊಂಡಿರುತ್ತದೆ. ಮರಳಿನಲ್ಲಿ ಹೂತು ಹೋಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ಗಟ್ಟಿ ನೆಲದಲ್ಲಿ ಅದೇ ತಳ ನೆಲಕ್ಕೆ ಬಡಿದು ಮೇಲೆ ಚಿಮ್ಮುತ್ತದೆ, ಕ್ಲಬ್‌ನ ಅಂಚು ಚೆಂಡಿನ ನಡುಮಧ್ಯಕ್ಕೆ ತಗಲುತ್ತದೆ. ಚೆಂಡು ಗ್ರೀನ್ ದಾಟಿ ಎಲ್ಲಿಗೋ ಓಡುತ್ತದೆ. ಅಂಥ ಕಡೆ ನಾನು ಎಂಟು ನಂಬರ್ ಐರನ್ ಅನ್ನುವ ಕ್ಲಬ್ ತೆಗೆದುಕೊಳ್ಳುತ್ತೇನೆ. ಚೆಂಡನ್ನು ಬಲಗಾಲಿನ ಕಡೆ ಇಟ್ಟುಕೊಂಡು, ಪಟ್ ಮಾಡುವ ಹಾಗೆ ಸಣ್ಣಗೆ ಹೊಡೆಯುತ್ತೇನೆ. ಚೆಂಡು ಸ್ವಲ್ಪ ಹಾರಿ, ಮಿಕ್ಕಿದ್ದು ಉರುಳುತ್ತದೆ. ಆ ಹಿರಿಯರ ಹಾಗೆ ಪಟ್ಟರ್ ಬಳಸಿದರೂ ಸರಿಯೇ. ಗಾಲ್ಫ್‌ನವರು ಇದಕ್ಕೆ ಟೆಕ್ಸಸ್ ವೆಜ್ ಅನ್ನುತ್ತಾರೆ. ಗಟ್ಟಿ ನೆಲದಲ್ಲಿ ಇದಕ್ಕಿಂತ ನಂಬಿಕೆಯ ಹೊಡೆತ ಇಲ್ಲ.

ದೂರದ ಹೊಡೆತವೂ ಬದಲಾಗುತ್ತದೆ. ಗಟ್ಟಿ ಫೇರ್‌ವೇ ಮೇಲೆ ಚೆಂಡು ಬಿದ್ದ ಮೇಲೂ ಬಹಳ ದೂರ ಓಡುತ್ತದೆ. ಗ್ರೀನ್ ಮೇಲೇ ಬೀಳಿಸಿದರೆ ಗ್ರೀನ್ ದಾಟಿ ಆಚೆಗೆ ಹಾರಿ ಹೋಗುತ್ತದೆ. ಹಾಗಾಗಿ ಗ್ರೀನ್‌ಗಿಂತ ಇಪ್ಪತ್ತು ಗಜ ಮೊದಲೇ ಬೀಳಿಸಬೇಕು. ಎಲ್ಲಿ ಬೀಳುತ್ತದೆ ಅನ್ನುವುದರ ಜೊತೆಗೆ ಬಿದ್ದ ಮೇಲೆ ಯಾವ ಕಡೆ ತಿರುಗುತ್ತದೆ ಅಂತಲೂ ಲೆಕ್ಕ ಹಾಕಬೇಕು. ಹಳೆಯ ಸ್ಕಾಟ್ಲೆಂಡ್ ಕೋರ್ಸ್‌ಗಳಲ್ಲಿ ಆಡುವುದೇ ಹೀಗೆ. ಅಲ್ಲಿ ಅದನ್ನು ಕಲೆ ಅಂತ ಹೊಗಳುತ್ತಾರೆ. ಅದೇ ಗಟ್ಟಿ ನೆಲ ಹತ್ತಿರದ ಪಬ್ಲಿಕ್ ಕೋರ್ಸ್‌ನಲ್ಲಿ ಸಿಕ್ಕರೆ ದೂರುತ್ತಾರೆ. ಇದು ನ್ಯಾಯವಲ್ಲ.

ಗ್ರೀನ್‌ಗಳ ವೇಗವೂ ಅಷ್ಟೇ. ವೇಗ ಅಳೆಯಲು ಸ್ಟಿಂಪ್‌ಮೀಟರ್ ಅಂತ ಒಂದು ಸಾಧನ ಇದೆ. ಸರಳವಾದ ಉದ್ದನೆ ಪಟ್ಟಿ, ಅದರ ನಡುವೆ ಒಂದು ಕಾಲುವೆ. ಚೆಂಡನ್ನು ಅದರಲ್ಲಿಟ್ಟು ನಿಧಾನಕ್ಕೆ ಎತ್ತುತ್ತಾ ಹೋದರೆ ಚೆಂಡು ಉರುಳಿ ಗ್ರೀನ್ ಮೇಲೆ ಹೋಗುತ್ತದೆ. ಎಷ್ಟು ಅಡಿ ಹೋಯಿತೋ ಅದೇ ವೇಗದ ಅಳತೆ. ಎಡ್ವರ್ಡ್ ಸ್ಟಿಂಪ್ಸನ್ ಅನ್ನುವ ಹವ್ಯಾಸಿ ಆಟಗಾರರೇ 1935ರಲ್ಲಿ ಇದನ್ನು ಕಂಡುಹಿಡಿದರು. ದೊಡ್ಡ ಟೂರ್ನಮೆಂಟ್‌ಗಳಲ್ಲಿ ಈ ಅಳತೆ 12 ಅಡಿ ದಾಟುವುದು ಸಾಮಾನ್ಯ. ನಾವು ಆಡುವ ಕಡೆ ಎಂಟರ ಆಸುಪಾಸು ಇದ್ದರೆ ಅದು ಒಳ್ಳೆಯ ಗ್ರೀನ್.

ಟಿವಿ ನೋಡಿದವರಿಗೆ ನಿಧಾನದ ಗ್ರೀನ್ ಕೆಟ್ಟದ್ದು ಅನ್ನಿಸುತ್ತದೆ. ಆದರೆ ವೇಗ ಹೆಚ್ಚಿಸಲು ಹುಲ್ಲನ್ನು ಇನ್ನೂ ಸಣ್ಣಗೆ ಕತ್ತರಿಸಬೇಕು. ಎಲೆ ಕಮ್ಮಿಯಾದರೆ ಹುಲ್ಲಿಗೆ ಆಹಾರ ಕಮ್ಮಿ, ಬೇರು ಮೇಲೆಯೇ ನಿಲ್ಲುತ್ತದೆ. ದಿನಾ ನೂರಾರು ಜನ ತುಳಿಯುವ ಗ್ರೀನ್ ಅದನ್ನು ತಡೆದುಕೊಳ್ಳುವುದಿಲ್ಲ. ಗ್ರೀನ್‌ಕೀಪರ್ ಹುಲ್ಲನ್ನು ಸ್ವಲ್ಪ ಉದ್ದ ಬಿಡುವುದು ಮುಂದಿನ ತಿಂಗಳೂ ಅಲ್ಲಿ ಹುಲ್ಲು ಇರಲಿ ಅಂತ. ನಿಧಾನದ ಗ್ರೀನ್ ಮೇಲೆ ಧೈರ್ಯವಾಗಿ ಹೊಡೆಯಬಹುದು, ಇಳಿಜಾರಿನ ತಿರುವೂ ಕಮ್ಮಿ ಇರುತ್ತದೆ. ಹೊಸಬರಿಗೆ ಅದೇ ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ, ಬಿಸಿಲು ನಾಡಿನ ಗ್ರೀನ್‌ಗಳಿಗೆ ಸೇರಿದ್ದು. ಅಲ್ಲಿ ಹೆಚ್ಚಾಗಿ ಬರ್ಮುಡಾ, ಅಂದರೆ ಗರಿಕೆ ಜಾತಿಯ ಹುಲ್ಲು. ಅದು ನೆಟ್ಟಗೆ ನಿಲ್ಲುವುದಿಲ್ಲ, ಒಂದು ಕಡೆಗೆ ಬಾಗಿ ಬೆಳೆಯುತ್ತದೆ. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆಯುತ್ತಿದ್ದರೆ ಅದು ಮುಂದಕ್ಕೆ ಬಾಗಿದೆ, ಚೆಂಡು ವೇಗವಾಗಿ ಹೋಗುತ್ತದೆ. ಕಪ್ಪಗೆ ಕಂಡರೆ ನಿಮ್ಮ ಕಡೆಗೆ ಬಾಗಿದೆ, ಜೋರಾಗಿ ಹೊಡೆಯಬೇಕು. ಗೊತ್ತಾಗದಿದ್ದರೆ ಕುಳಿಯ ಅಂಚು ನೋಡಿ. ಯಾವ ಬದಿ ಸವೆದು ಒರಟಾಗಿದೆಯೋ ಹುಲ್ಲು ಆ ಕಡೆಗೆ ಬಾಗಿದೆ ಅಂತ ಅರ್ಥ.

ಇನ್ನು ಹಳ್ಳಿಗಾಡಿನ ಕೋರ್ಸ್‌ಗಳು. ಇವುಗಳ ಬಗ್ಗೆ ಮಾತಾಡುವುದಂದರೆ ನನಗೆ ಖುಷಿ.

ಬಹಳಷ್ಟು ಕಡೆ ಒಂಬತ್ತೇ ಹೋಲ್. ಎರಡು ಸುತ್ತು ಹಾಕಿದರೆ 18. ಎರಡನೇ ಸುತ್ತಿಗೆ ಬೇರೆ ಟೀ ಇಟ್ಟಿರುತ್ತಾರೆ, ಹಾಗಾಗಿ ಅದೇ ಹೋಲ್ ಬೇರೆ ಥರ ಕಾಣುತ್ತದೆ. ಕೆಲವು ಕಡೆ ಆಫೀಸಿನಲ್ಲಿ ಯಾರೂ ಇರುವುದಿಲ್ಲ. ಬಾಗಿಲಿನ ಪಕ್ಕ ಒಂದು ಡಬ್ಬಿ, ಒಂದು ಪುಸ್ತಕ. ಹೆಸರು ಬರೆದು ಶುಲ್ಕವನ್ನು ಡಬ್ಬಿಗೆ ಹಾಕಿ ಆಡಲು ಹೋಗಬೇಕು. ಯಾರೂ ಕಾಯುವುದಿಲ್ಲ, ಯಾರೂ ಕೇಳುವುದಿಲ್ಲ. ಅಂಥ ಒಂದು ಕಡೆ ಗ್ರೀನ್ ಕತ್ತರಿಸುತ್ತಿದ್ದ ರೈತರೊಬ್ಬರ ಜೊತೆ ಮಾತಾಡಿದೆ. ತಮ್ಮ ಹೊಲದ ಕೆಲಸ ಮುಗಿಸಿ, ಸಂಜೆ ಇಲ್ಲಿಗೆ ಬಂದು ಯಂತ್ರ ಓಡಿಸುತ್ತಾರೆ. ಸಂಬಳ ಇಲ್ಲ. ಅವರ ಅಪ್ಪನೂ ಇದೇ ಕೆಲಸ ಮಾಡುತ್ತಿದ್ದರಂತೆ. ಅವರು ಕತ್ತರಿಸಿದ ಗ್ರೀನ್ ಮೇಲೆ ನಡೆಯುವಾಗ ಹೆಜ್ಜೆ ತಾನಾಗಿಯೇ ಹಗುರವಾಗುತ್ತದೆ.

ದನಕುರಿಗಳ ಜೊತೆ ಆಡುವ ಕೋರ್ಸ್‌ಗಳೂ ಇವೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಬ್ರೋರಾದಲ್ಲಿ ಕುರಿ, ದನ ಫೇರ್‌ವೇ ಮೇಲೆಯೇ ಮೇಯುತ್ತವೆ. ಗ್ರೀನ್ ತುಳಿಯದಿರಲಿ ಅಂತ ಸುತ್ತಲೂ ವಿದ್ಯುತ್ ತಂತಿ ಹಾಕಿದ್ದಾರೆ. ಇಂಗ್ಲೆಂಡಿನ ರಾಯಲ್ ನಾರ್ತ್ ಡೆವನ್ ಕ್ಲಬ್ 1864ರಲ್ಲಿ ಶುರುವಾದದ್ದು. ಅದರ ಕೋರ್ಸ್ ಇರುವುದು ಊರಿನ ಗೋಮಾಳದಂಥ ಬಯಲಿನಲ್ಲಿ. ಇವತ್ತಿಗೂ ಕುರಿ, ಕುದುರೆ ಅಲ್ಲಿ ಮೇಯುತ್ತವೆ, ಮೇಯಿಸುವ ಹಕ್ಕು ಊರಿನವರಿಗಿದೆ. ಆ ಊರಿನ ಬಡ ಹುಡುಗ ಜೆ.ಎಚ್. ಟೇಲರ್ ಅಲ್ಲಿ ಬೇರೆಯವರ ಬ್ಯಾಗ್ ಹೊರುತ್ತಾ ಆಟ ಕಲಿತ. ಮುಂದೆ ಬ್ರಿಟಿಷ್ ಓಪನ್ ಅನ್ನುವ ದೊಡ್ಡ ಟೂರ್ನಮೆಂಟನ್ನು ಐದು ಸಲ ಗೆದ್ದ.

ನೀರೇ ಇಲ್ಲದ ಕಡೆ ಇನ್ನೊಂದು ಉಪಾಯ. ಮರಳಿನ ಗ್ರೀನ್. ಮರಳಿಗೆ ಎಣ್ಣೆ ಬೆರೆಸಿ ಹದ ಮಾಡಿ ಹಾಸಿರುತ್ತಾರೆ. ಪಟ್ ಮಾಡುವ ಮೊದಲು ಒಂದು ಹಲಗೆಯಂಥ ಸಾಧನ ಎಳೆದು ಚೆಂಡಿನಿಂದ ಕುಳಿಯವರೆಗೆ ದಾರಿ ಸಮ ಮಾಡಿಕೊಳ್ಳಬೇಕು. ಆಸ್ಟ್ರೇಲಿಯಾದ ಒಳನಾಡಿನಲ್ಲಿ, ಅಮೆರಿಕದ ಬಯಲು ಸೀಮೆಯಲ್ಲಿ ಇಂಥವು ಈಗಲೂ ಇವೆ. ಇದನ್ನು ಕೇಳಿ ಮೂಗು ಮುರಿಯುವವರಿಗೆ ಒಂದು ವಿಷಯ ಹೇಳುತ್ತೇನೆ. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಈಗ ಆಗಾಗ ಯುಎಸ್ ಓಪನ್ ಅನ್ನುವ ದೊಡ್ಡ ಗಾಲ್ಫ್ ಟೂರ್ನಮೆಂಟ್ ನಡೆಯುವ ಕೋರ್ಸ್. 1930ರ ದಶಕದ ಮಧ್ಯದವರೆಗೆ ಅಲ್ಲಿದ್ದದ್ದೂ ಮರಳಿನ ಗ್ರೀನ್‌ಗಳೇ. ಆಸ್ಟ್ರೇಲಿಯಾದ ಕೂಬರ್ ಪೀಡಿ ಅನ್ನುವ ಗಣಿ ಊರಿನ ಕೋರ್ಸ್‌ನಲ್ಲಿ ಹುಲ್ಲೇ ಇಲ್ಲ. ಆಟಗಾರರು ಕೃತಕ ಹುಲ್ಲಿನ ಸಣ್ಣ ತುಂಡೊಂದನ್ನು ಜೊತೆಗೆ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ. ಆಟದ ಆಸೆ ಇದ್ದವರು ಎಂಥ ನೆಲವನ್ನೂ ಕೋರ್ಸ್ ಮಾಡಿಕೊಳ್ಳುತ್ತಾರೆ.

ಹೀಗೆ ಒಂದೊಂದು ಕೋರ್ಸ್ ಒಂದೊಂದು ಥರ ಇದ್ದರೆ ಆಟಗಾರರನ್ನು ಹೋಲಿಸುವುದು ಹೇಗೆ? ಇದಕ್ಕೆ ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟಕ್ಕೆ ತಕ್ಕ ಹಾಗೆ ಕೊಡುವ ಹೊಡೆತಗಳ ರಿಯಾಯಿತಿ, ಇದೆ. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ ಬಂದಿದೆ. ನಿಮ್ಮ ಇತ್ತೀಚಿನ 20 ರೌಂಡ್‌ಗಳಲ್ಲಿ ಚೆನ್ನಾಗಿರುವ ಎಂಟನ್ನು ತೆಗೆದುಕೊಂಡು ಸರಾಸರಿ ನೋಡುತ್ತಾರೆ. ಅದರಿಂದ ನಿಮ್ಮ ಇಂಡೆಕ್ಸ್ ಬರುತ್ತದೆ. ಗರಿಷ್ಠ 54. ಇನ್ನು ಪ್ರತಿ ಕೋರ್ಸ್‌ಗೂ ಸ್ಲೋಪ್ ರೇಟಿಂಗ್ ಅಂತ ಒಂದು ಸಂಖ್ಯೆ ಇರುತ್ತದೆ, 55ರಿಂದ 155ರ ಒಳಗೆ. ಸಾಧಾರಣ ಕಷ್ಟದ ಕೋರ್ಸ್‌ಗೆ 113. ನಿಮ್ಮ ಇಂಡೆಕ್ಸ್ 20 ಇದ್ದರೆ ಸ್ಲೋಪ್ 113 ಇರುವ ಕಡೆ ಸುಮಾರು 20 ಹೊಡೆತದ ರಿಯಾಯಿತಿ. ಸ್ಲೋಪ್ 130 ಇರುವ ಕಡೆ ಅದೇ 23 ಆಗುತ್ತದೆ. ಹಾಗಾಗಿ ಹಳ್ಳಿಯ ಒಂಬತ್ತು ಹೋಲ್ ಕೋರ್ಸ್‌ನಲ್ಲಿ ಆಡಿದ ರೌಂಡ್‌ಗೂ ದೊಡ್ಡ ಕ್ಲಬ್‌ನ ರೌಂಡ್‌ನಷ್ಟೇ ಬೆಲೆ. ರೇಟಿಂಗ್ ಮಾಡಿಸಿರಬೇಕು, ಅಷ್ಟೇ.

ಈ ಲೆಕ್ಕವೆಲ್ಲ ನಿಂತಿರುವುದು ಆಟಗಾರ ಬರೆಯುವ ಅಂಕೆಯ ಮೇಲೆ. ಪಬ್ಲಿಕ್ ಕೋರ್ಸ್‌ನಲ್ಲಿ ರೆಫರಿ ಇರುವುದಿಲ್ಲ. ಮರಗಳ ಹಿಂದೆ ನೀವು ಎಷ್ಟು ಸಲ ಹೊಡೆದಿರಿ ಅನ್ನುವುದು ನಿಮಗೆ ಮಾತ್ರ ಗೊತ್ತು. ಬಾಬಿ ಜೋನ್ಸ್ ದೊಡ್ಡ ಟೂರ್ನಮೆಂಟ್‌ಗಳನ್ನು ಗೆದ್ದದ್ದೂ ಹವ್ಯಾಸಿಯಾಗಿಯೇ. 1925ರ ಯುಎಸ್ ಓಪನ್‌ನಲ್ಲಿ ರಫ್‌ನಲ್ಲಿದ್ದ ಅವರ ಚೆಂಡು ಅಲುಗಿತು. ಬೇರೆ ಯಾರೂ ನೋಡಲಿಲ್ಲ. ಅವರೇ ತಮ್ಮ ಮೇಲೆ ಒಂದು ಹೊಡೆತದ ದಂಡ ಹಾಕಿಕೊಂಡರು. ಕೊನೆಗೆ ಸಮಬಲವಾಗಿ, ಪ್ಲೇಆಫ್‌ನಲ್ಲಿ ಸೋತರು. ಆ ಒಂದು ಹೊಡೆತ ಇಲ್ಲದಿದ್ದರೆ ಗೆದ್ದೇ ಬಿಡುತ್ತಿದ್ದರು. ಜೊತೆಗೆ ಆಡುವ ಅಪರಿಚಿತರೊಬ್ಬರು, ಯಾರೂ ಕೇಳದಿದ್ದರೂ, "ನನ್ನದು ಏಳು, ಆರು ಅಲ್ಲ" ಅಂದಾಗಲೆಲ್ಲ ನನಗೆ ಜೋನ್ಸ್ ನೆನಪಾಗುತ್ತಾರೆ.

ಈಗ ಒಂದು ದೂರು. ಪಬ್ಲಿಕ್ ಕೋರ್ಸ್‌ಗಳ ನಿಜವಾದ ತೊಂದರೆ ಅಂದರೆ ಹೊತ್ತು. ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದದ್ದು ಐದೂವರೆಗೆ ಹೋಗುತ್ತದೆ. ಎಲ್ಲರೂ ಮುಂದಿನ ಗುಂಪನ್ನು ಬೈಯುತ್ತಾರೆ. ಆದರೆ ಎಷ್ಟೋ ಸಲ ಕಾರಣ ಆಟ ಶುರುಮಾಡುವ ಸಮಯದ ಪಟ್ಟಿಯಲ್ಲೇ ಇರುತ್ತದೆ. ಪಾರ್ ಅಂದರೆ ಒಂದು ಹೋಲ್‌ಗೆ ನಿಗದಿಯಾದ ಹೊಡೆತಗಳ ಸಂಖ್ಯೆ. ಪಾರ್ 4 ಹೋಲ್‌ನಲ್ಲಿ ಒಂದು ಗುಂಪು ಗ್ರೀನ್ ಮೇಲಿರುವಾಗ ಇನ್ನೊಂದು ಫೇರ್‌ವೇನಲ್ಲಿ ಇರಬಹುದು. ಪಾರ್ 3 ಹೋಲ್‌ನಲ್ಲಿ ಒಂದೇ ಗುಂಪಿಗೆ ಜಾಗ. ಅವರು ಕುಳಿ ಮುಗಿಸಿ ಹೊರಡುವವರೆಗೆ ಹಿಂದಿನವರು ಟೀಯಲ್ಲೇ ನಿಂತಿರಬೇಕು. ನಾಲ್ಕು ಜನರಿಗೆ ಪಾರ್ 3 ಆಡಲು ಹತ್ತು ನಿಮಿಷವಾದರೂ ಬೇಕು. ಮೊದಲ ಟೀಯಿಂದ ಏಳೆಂಟು ನಿಮಿಷಕ್ಕೊಂದು ಗುಂಪು ಬಿಟ್ಟರೆ ಅಲ್ಲಿ ಸಾಲು ನಿಲ್ಲಲೇಬೇಕು. ಯಾರು ಎಷ್ಟು ಬೇಗ ಆಡಿದರೂ ಅದು ಕರಗುವುದಿಲ್ಲ. ಕೋರ್ಸ್ ನಡೆಸುವವರು ಹತ್ತು ನಿಮಿಷದ ಅಂತರ ಇಟ್ಟರೆ ಎಲ್ಲರಿಗೂ ಒಳ್ಳೆಯದು. ದಿನಕ್ಕೆ ಕೆಲವು ಗುಂಪು ಕಮ್ಮಿಯಾಗಬಹುದು, ಆದರೆ ಬಂದವರು ಮತ್ತೆ ಬರುತ್ತಾರೆ.

ನಾವು ಮಾಡಬಹುದಾದದ್ದೂ ಇದೆ. ಯಾರು ತಯಾರಿದ್ದಾರೋ ಅವರು ಮೊದಲು ಹೊಡೆಯಲಿ. ಕಳೆದ ಚೆಂಡನ್ನು ಹುಡುಕಲು 2019ರಿಂದ ಮೂರೇ ನಿಮಿಷ, ಮೊದಲು ಐದಿತ್ತು. ಕೋರ್ಸ್‌ನವರು ಸ್ಥಳೀಯ ನಿಯಮ ಹಾಕಿದ್ದರೆ ವಾಪಸ್ ಟೀಗೆ ನಡೆಯುವ ಬದಲು ಎರಡು ಹೊಡೆತದ ದಂಡ ತೆಗೆದುಕೊಂಡು ಚೆಂಡು ಕಳೆದ ಜಾಗದ ಹತ್ತಿರವೇ ಇನ್ನೊಂದು ಚೆಂಡನ್ನು ಡ್ರಾಪ್ ಮಾಡಿ, ಅಂದರೆ ಕೈಯಿಂದ ಬೀಳಿಸಿ, ಆಡಬಹುದು. ಗೆಳೆಯರ ಪಂದ್ಯವಾದರೆ ಸ್ಟೇಬಲ್‌ಫರ್ಡ್ ಅನ್ನುವ ಅಂಕಗಳ ಲೆಕ್ಕ ಇಡಿ. ಅದರಲ್ಲಿ ಪಾರ್‌ಗೆ ಎರಡು ಅಂಕ, ಬೋಗಿಗೆ, ಅಂದರೆ ಪಾರ್‌ಗಿಂತ ಒಂದು ಹೊಡೆತ ಹೆಚ್ಚಾದರೆ, ಒಂದು. ಅದಕ್ಕಿಂತ ಕೆಟ್ಟದಾದರೆ ಸೊನ್ನೆ, ಚೆಂಡು ಎತ್ತಿಕೊಂಡು ಮುಂದೆ ನಡೆಯಬಹುದು. ಒಂದು ಹೋಲ್ ಹಾಳಾದರೂ ದಿನ ಹಾಳಾಗುವುದಿಲ್ಲ.

ನೆಲ ಹಂಚಿಕೊಂಡು ಆಡುವವರು ನೆಲ ನೋಡಿಕೊಳ್ಳಲೂಬೇಕು. ಚೆಂಡು ಎತ್ತರದಿಂದ ಗ್ರೀನ್ ಮೇಲೆ ಬಿದ್ದರೆ ಸಣ್ಣ ಗುಂಡಿ ಬೀಳುತ್ತದೆ. ಕೂಡಲೇ ಸರಿ ಮಾಡಿದರೆ ಕೆಲವೇ ದಿನಗಳಲ್ಲಿ ಹುಲ್ಲು ಕೂಡಿಕೊಳ್ಳುತ್ತದೆ. ಬಿಟ್ಟರೆ ವಾರಗಟ್ಟಲೆ ಕಲೆ ಉಳಿಯುತ್ತದೆ. ಸರಿ ಮಾಡುವ ರೀತಿ ಹಲವರಿಗೆ ಗೊತ್ತಿಲ್ಲ. ಫೋರ್ಕ್‌ನಂಥ ಸಾಧನವನ್ನು ಗುಂಡಿಯ ಅಂಚಿನ ಹೊರಗೆ ಚುಚ್ಚಿ, ಸುತ್ತಲಿಂದ ಹುಲ್ಲನ್ನು ನಡುವಿಗೆ ತಳ್ಳಬೇಕು. ಆಮೇಲೆ ಪಟ್ಟರ್‌ನಿಂದ ಮೆಲ್ಲಗೆ ಒತ್ತಬೇಕು. ತಳದಿಂದ ಮೇಲಕ್ಕೆ ಎತ್ತಬಾರದು, ಬೇರು ಹರಿಯುತ್ತದೆ. ನಿಮ್ಮ ಗುಂಡಿಯ ಜೊತೆ ಪಕ್ಕದ ಒಂದನ್ನೂ ಸರಿ ಮಾಡಿ. ಗ್ರೀನ್ ತುಂಬ ತೂತು ಮಾಡಿ ಮರಳು ಹಾಕಿದ ದಿನ ಹೋದರೆ ಸಿಟ್ಟಾಗಬೇಡಿ. ತುಳಿದು ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಹಾಗೆ ಮಾಡುತ್ತಾರೆ. ಎರಡು ಮೂರು ವಾರಕ್ಕೆ ಸರಿಯಾಗುತ್ತದೆ.

ಪಬ್ಲಿಕ್ ಅನ್ನುವುದು ಎಲ್ಲ ಕಡೆ ತಾನಾಗಿಯೇ ಸಿಕ್ಕಿದ್ದಲ್ಲ ಅನ್ನುವುದನ್ನೂ ಹೇಳಲೇಬೇಕು. ಅಮೆರಿಕದ ಮೊದಲ ಪಬ್ಲಿಕ್ ಕೋರ್ಸ್ ನ್ಯೂಯಾರ್ಕಿನ ವ್ಯಾನ್ ಕಾರ್ಟ್‌ಲ್ಯಾಂಡ್ ಪಾರ್ಕ್‌ನಲ್ಲಿ 1895ರಲ್ಲಿ ತೆರೆಯಿತು. ಆದರೆ ಬಾಗಿಲು ತೆರೆದರೂ ಎಲ್ಲರಿಗೂ ಒಳಗೆ ಬರಲು ಬಿಡಲಿಲ್ಲ. 1951ರಲ್ಲಿ ಅಟ್ಲಾಂಟಾದ ಹೋಮ್ಸ್ ಕುಟುಂಬದವರು ನಗರದ ಪಬ್ಲಿಕ್ ಕೋರ್ಸ್‌ಗೆ ಹೋದಾಗ, ಕಪ್ಪು ಜನಾಂಗದವರು ಅನ್ನುವ ಒಂದೇ ಕಾರಣಕ್ಕೆ ಅವರನ್ನು ವಾಪಸ್ ಕಳಿಸಿದರು. ತಂದೆ, ಮಕ್ಕಳು ನ್ಯಾಯಾಲಯಕ್ಕೆ ಹೋದರು. ನಾಲ್ಕು ವರ್ಷ ಹೋರಾಡಿದರು. 1955ರ ನವೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅದೇ ಡಿಸೆಂಬರ್‌ನಲ್ಲಿ ಮಕ್ಕಳಿಬ್ಬರು ನಗರದ ಇನ್ನೊಂದು ಕೋರ್ಸ್‌ನಲ್ಲಿ ಟೀ ಮೇಲೆ ನಿಂತು ಚೆಂಡು ಹೊಡೆದರು. ತೆರಿಗೆ ಹಣದಲ್ಲಿ ಕಟ್ಟಿದ ಹುಲ್ಲಿನ ಮೇಲೆ ಕಾಲಿಡಲು ಇಷ್ಟು ಹೋರಾಟ ಬೇಕಾಯಿತು. ಸ್ಟಾರ್ಟರ್ ಯಾರನ್ನು ಜೊತೆಗೆ ಸೇರಿಸಿದರೂ ನಗುತ್ತಾ ಕೈ ಚಾಚಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಬಾಗಿಲು ತೆರೆದಾಗ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆಗಳಿವೆ. ಫ್ರಾನ್ಸಿಸ್ ವಿಮೆಟ್ ಬಾಸ್ಟನ್ ಹತ್ತಿರದ ಬ್ರೂಕ್‌ಲೈನ್‌ನವನು. ಅವನ ಮನೆ ದೊಡ್ಡ ಕ್ಲಬ್‌ನ ಎದುರಿಗೇ ಇತ್ತು. ಅಲ್ಲಿ ಅವನು ಸದಸ್ಯನಲ್ಲ, ಬ್ಯಾಗ್ ಹೊರುವ ಹುಡುಗ. ಆಡಲು ಫ್ರಾಂಕ್ಲಿನ್ ಪಾರ್ಕ್‌ನ ಪಬ್ಲಿಕ್ ಕೋರ್ಸ್‌ಗೆ ಟ್ರಾಮ್ ಹಿಡಿದು ಹೋಗುತ್ತಿದ್ದ. 1913ರಲ್ಲಿ ಯುಎಸ್ ಓಪನ್ ಅದೇ ಎದುರುಮನೆ ಕ್ಲಬ್‌ನಲ್ಲಿ ನಡೆಯಿತು. ಇಪ್ಪತ್ತು ವರ್ಷದ ಹವ್ಯಾಸಿ ವಿಮೆಟ್, ಹತ್ತು ವರ್ಷದ ಎಡ್ಡಿ ಲೌರಿಯ ಕೈಯಲ್ಲಿ ಬ್ಯಾಗ್ ಕೊಟ್ಟು, ಆ ಕಾಲದ ದೊಡ್ಡ ಆಟಗಾರರಾದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಇಬ್ಬರನ್ನೂ ಪ್ಲೇಆಫ್‌ನಲ್ಲಿ ಸೋಲಿಸಿದ. ಲೀ ಟ್ರೆವಿನೊ ಕೂಡ ಡಾಲಸ್‌ನ ಟೆನಿಸನ್ ಪಾರ್ಕ್ ಎಂಬ ಪಬ್ಲಿಕ್ ಕೋರ್ಸ್‌ನಲ್ಲಿ ಪಳಗಿದವರು. ಮುಂದೆ ಆರು ಮೇಜರ್, ಅಂದರೆ ಗಾಲ್ಫ್‌ನ ಅತಿ ದೊಡ್ಡ ಟೂರ್ನಮೆಂಟ್‌ಗಳನ್ನು, ಗೆದ್ದರು.

ಪಬ್ಲಿಕ್ ಕೋರ್ಸ್ ಸುಲಭ ಅನ್ನುವವರು ನ್ಯೂಯಾರ್ಕ್ ರಾಜ್ಯದ ಬೆತ್‌ಪೇಜ್ ಬ್ಲ್ಯಾಕ್ ನೋಡಬೇಕು. ಇದು ತುಂಬಾ ಕಷ್ಟದ ಕೋರ್ಸ್, ಚೆನ್ನಾಗಿ ಆಡುವವರು ಮಾತ್ರ ಬನ್ನಿ ಅಂತ ಮೊದಲ ಟೀ ಹತ್ತಿರವೇ ಬೋರ್ಡ್ ಹಾಕಿದ್ದಾರೆ. 2002ರಲ್ಲಿ ಅಲ್ಲಿ ಯುಎಸ್ ಓಪನ್ ನಡೆದಾಗ ಪಾರ್‌ಗಿಂತ ಕೆಳಗೆ ಮುಗಿಸಿದ್ದು ಟೈಗರ್ ವುಡ್ಸ್ ಒಬ್ಬರೇ. ಅಲ್ಲಿ ಸಮಯ ಸಿಗಲಿ ಅಂತ ಜನ ರಾತ್ರಿಯೆಲ್ಲ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಮಲಗಿ ಕಾಯುತ್ತಾರೆ. ಅದೇ ಟೀ ಮೇಲೆ ವಾರದ ಹಿಂದೆ ಚಾಂಪಿಯನ್ ನಿಂತಿರಬಹುದು, ಇವತ್ತು ನೀವು ನಿಲ್ಲಬಹುದು. ಬೇರೆ ಯಾವ ಆಟದಲ್ಲಿ ಈ ಅವಕಾಶ ಸಿಗುತ್ತದೆ?

ಶುರುವಿಗೂ ಮುಂಚೆ ಹೊರಗಡೆ ಒಬ್ಬರು ಕೇಳಿದರು, ಮೊದಲ ಸಲ ಹೋಗುವವರು ಏನೇನು ಕೊಳ್ಳಬೇಕು ಅಂತ. ನಿಯಮದ ಪ್ರಕಾರ ಬ್ಯಾಗ್‌ನಲ್ಲಿ ಗರಿಷ್ಠ 14 ಕ್ಲಬ್ ಇರಬಹುದು. ಅಷ್ಟೂ ಇರಲೇಬೇಕು ಅಂತ ಎಲ್ಲೂ ಇಲ್ಲ. ದೂರದ ಹೊಡೆತಕ್ಕೆ ಹೈಬ್ರಿಡ್ ಅನ್ನುವ ಒಂದು ಕ್ಲಬ್, ಏಳು ಮತ್ತು ಒಂಬತ್ತು ನಂಬರ್ ಐರನ್, ಒಂದು ಸ್ಯಾಂಡ್ ವೆಜ್, ಒಂದು ಪಟ್ಟರ್ ಇದ್ದರೆ ಧಾರಾಳವಾಯಿತು. ಬಳಸಿದ್ದೇ ಸಾಕು. ಹಲವು ಕಡೆ ಬಾಡಿಗೆಗೂ ಕೊಡುತ್ತಾರೆ. ಬ್ಯಾಗ್ ಹಗುರವಾಗಿದ್ದರೆ ನಡೆಯುವುದು ಸುಲಭ. ವಾರದ ನಡುವೆ ಒಂದು ದಿನ, ಸಂಜೆ ಹೊತ್ತಿಗೆ, ಒಂಬತ್ತು ಹೋಲ್‌ಗೆ ಮಾತ್ರ ಸಮಯ ತೆಗೆದುಕೊಳ್ಳಿ. ಮುಂದಿನ ಟೀಯಿಂದ, ಅಂದರೆ ದೂರ ಕಮ್ಮಿ ಇರುವ ಟೀಯಿಂದ ಆಡಿ. ಸ್ಟಾರ್ಟರ್‌ಗೆ ಮೊದಲ ಸಲ ಬಂದಿದ್ದೇನೆ ಅಂತ ಹೇಳಿಬಿಡಿ. ಅವರು ನಿಮಗೆ ಹೊಂದುವ ಗುಂಪು ನೋಡಿ ಸೇರಿಸುತ್ತಾರೆ.